ಗಂಜಿ ಕೈಗೆ ಗಾಜಿನ ವಾಚು

ಗದ್ವಾಲದ ಗಂಡನ ಮನೆಯಿಂದ ಬಂದಿದ್ದ ಮಗಳು ರಜಿತಾ, "ಅಪ್ಪಾ, ನಿನಗ ಬಿಪಿ ಐತಿ, ಇದು ಕೈಯಾಗಿರಲಿ" ಎಂದು ಸ್ಮಾರ್ಟ್ ವಾಚು ಕಟ್ಟಿ ಹೋದದ್ದೇ ಭೀಮಣ್ಣನ ಗ್ರಹಚಾರಕ್ಕೆ ಮೊದಲು. ಹಳೇ ವಾಚಿಗೆ ಬಟನ್ನಿತ್ತು, ಒತ್ತಿದರೆ ಸುಮ್ಮನಾಗುತ್ತಿತ್ತು. ಇದಕ್ಕೆ ಮುಖದ ತುಂಬ ಬರೀ ಗಾಜು.

ಮರುದಿನ ಬೆಳಿಗ್ಗೆ ನಾರಾಯಣಪೇಟೆಯ ನೇಕಾರರ ಓಣಿಯುದ್ದಕ್ಕೂ ಭೀಮಣ್ಣನ ಸೀರೆಯ ಹಾಸು, ಅಂದರೆ ಮಗ್ಗಕ್ಕೇರಬೇಕಾದ ಉದ್ದೆಳೆಗಳ ನೂಲು, ಬಿಗಿದಿತ್ತು. ನೂಲಿಗೆ ಗಂಜಿ ಬಿದ್ದ ಮೇಲೆ ಒಣಗುವವರೆಗೂ ಕುಂಚ ಎಳೆಯುತ್ತಲೇ ಇರಬೇಕು. ಕೈ ನಿಂತರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಹಾಳು. ಅದಕ್ಕೇ ಓಣಿಯವರೆಲ್ಲ ಬಂದು ಕೈಜೋಡಿಸುವುದು ರೂಢಿ.

ಮೊದಲ ಗಂಜಿ ಬಿದ್ದದ್ದೇ ತಡ, ವಾಚು ಕೂಗತೊಡಗಿತು. ಭೀಮಣ್ಣ ಗಂಜಿ ಬೆರಳಲ್ಲಿ ಗಾಜು ತಿಕ್ಕಿದ. ಕೂಗು ಹೋಗಿ ಹಾಡು ಬಂತು.

"ಮೂಗಲೇ ಒತ್ತೋ" ಎಂದ ಎದುರುಮನೆಯ ಕಾಳಪ್ಪ.

ಒತ್ತಿದ. ಹಾಡು ಜೋರಾಯಿತು.

"ಹಂಗಲ್ಲ, ತೊಳೀಬೇಕು" ಎಂದು ಪಕ್ಕದ ಮನೆಯ ಸುಗುಣಮ್ಮ ಚೊಂಬಿನ ನೀರನ್ನೇ ಸುರಿದಳು. ನೀರು ಬಿದ್ದೊಡನೆ ಗಾಜಿಗೆ ದೆವ್ವ ಹೊಕ್ಕಂತಾಗಿ, ಸೀರೆ ಕೊಳ್ಳುವ ಸೇಠನಿಗೆ ತಾನೇ ಫೋನು ಹಚ್ಚಿತು.

"ಏನ್ ಭೀಮಣ್ಣ?" ಎಂದಿತು ಮಣಿಕಟ್ಟು.

"ಆ ಬಾಯಿಬಡಕಗ ಯಾಕ ಹಚ್ಚಿದೋ! ಕಟ್ ಮಾಡು!" ಎಂದು ಕಾಳಪ್ಪ ಕಿರುಚಿದ.

"ಕೇಳಿಸ್ತು. ಹಾಸಿನಾಗ ಒಂದೆಳಿ ಕೆಟ್ಟರೂ ನನ್ನ ಅಂಗಡಿ ಮೆಟ್ಲು ಹತ್ತಬ್ಯಾಡ" ಎಂದು ಸೇಠನೇ ಕಟ್ ಮಾಡಿದ. ಹಾಡು ಮತ್ತೆ ಶುರುವಾಯಿತು.

ಆಗ ಕುಂಚ ಹಿಡಿದಿದ್ದ ಪರಮೇಶ ಬಗ್ಗಿ ನೋಡಿದ. "ಬಾಜೂಕ ಬಟನ್ ಐತಲ್ಲೋ! ಗಟ್ಟಿ ಹಿಡದು ಒತ್ತು, ಬಂದ್ ಆಗ್ತೈತಿ."

ಬಟನ್! ಭೀಮಣ್ಣನ ಕಣ್ಣಲ್ಲಿ ನೀರೇ ಬಂತು. ಹಲ್ಲು ಕಚ್ಚಿ ಒತ್ತಿ ಹಿಡಿದ. ವಾಚು ಗುರ್ರೆಂದು ಸುಮ್ಮನಾಯಿತು. "ಬಟನ್ ಅಂದ್ರ ಬಟನ್ ರೀ!" ಎಂದು ಎಲ್ಲರೂ ಕುಂಚ ಹಿಡಿದರು.

ಎರಡನೇ ಗಂಜಿ ಬಳಿದು ಮುಗಿಯುವುದರೊಳಗೆ ಓಣಿಗೆ ಜೀಪು ನುಗ್ಗಿತು. ಮಕ್ತಲದ ತವರಿಗೆ ಹೋಗಿದ್ದ ಹೆಂಡತಿ ಪೆಂಟಮ್ಮ ಎದೆ ಬಡಿದುಕೊಳ್ಳುತ್ತ ಇಳಿದಳು. ಹಿಂದೆ ಅವಳ ತಮ್ಮ ಹರಿಕೃಷ್ಣ.

"ಭಾವಾ, ಜೀವಕ್ಕ ಅಪಾಯ ಐತಿ, ಲಗೂ ಬರ್ರಿ ಅಂತ ನಿಮ್ಮ ವಾಚಿನಿಂದ ಮೆಸೇಜ್ ಬಂತು! ಅದರ ಬಾಜೂಕಿನ ಆಪತ್ತಿನ ಬಟನ್ನಿಗೆ ರಜಿತಾ ನನ್ನ ನಂಬರ್ ಹಾಕ್ಯಾಳ!"

"ನನಗೇನೂ ಆಗಿಲ್ಲೋ! ಕುಂಚ ಬಿಡಬ್ಯಾಡ್ರಿ, ಒಣಗಾಕತ್ತೈತಿ!" ಎಂದು ಭೀಮಣ್ಣ ಗೋಳಾಡಿದ.

"ಬೆವತಾನ, ಅಳಾಕತ್ತಾನ, ಎತ್ತರಿ ಮೊದ್ಲು" ಎಂದಳು ಸುಗುಣಮ್ಮ. ಕುಂಚ ಎಳೆಯಬೇಕಾದ ಕೈಗಳೇ ಅವನನ್ನು ಹೊತ್ತು ಜೀಪಿಗೆ ಹಾಕಿದವು.

ದವಾಖಾನೆಯ ಡಾಕ್ಟರು ಬಿಪಿ ನೋಡಿ ಹೌಹಾರಿದರು. "ಚಲೋ ವ್ಯಾಳ್ಯಾಕ ಬಟನ್ ಒತ್ತೀರಿ. ಸಂಜಿತನ ಏಳಂಗಿಲ್ಲ."

ಭೀಮಣ್ಣ ಮಲಗಿದಲ್ಲಿಂದಲೇ ಕತ್ತೆತ್ತಿದ. "ಹಾಸಿನ ಹತ್ತರ ಯಾರದಾರ?"

ಮಂಚದ ಸುತ್ತ ನಿಂತಿದ್ದ ಕಾಳಪ್ಪ, ಪರಮೇಶ, ಸುಗುಣಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಳಪ್ಪ ಪ್ರೀತಿಯಿಂದ ಅವನ ಕಾಲೊತ್ತಿದ.

"ನೀ ಚಿಂತಿ ಮಾಡಬ್ಯಾಡ ಭೀಮಣ್ಣ. ಓಣಿ ಮಂದಿ ಎಲ್ಲಾರೂ ಇಲ್ಲೇ ಅದೀವಿ."