ಹಿಂದೆ ಸೀಟಿಲ್ಲದ ಕಾರು

ಹಲ್ಲು ನೋಡಿ ಕಾರು ಕೊಂಡವರು ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ. ಈಗೇನೋ ಧೈರ್ಯವಾಗಿ ಬರೆಯುತ್ತಿದ್ದೇನೆ. ಆದರೆ ಕಳೆದ ಬೇಸಿಗೆಯಲ್ಲಿ ಯಾರಾದರೂ ಬಂದು, ಆ ಟವೆಲ್ಲಿನ ಯಜಮಾನರು ನಿಮಗೇನಾಗಬೇಕು ಎಂದು ಕೇಳಿದರೆ, ನಮ್ಮ ಊರ ಕಡೆಯವರು ಎಂದು ಹೇಳಿ ಬೇರೆ ಕಡೆ ನೋಡುತ್ತಿದ್ದೆ. ತಾಯಿಯ ಒಡಹುಟ್ಟಿದ ತಮ್ಮನನ್ನು ಊರ ಕಡೆಯವನನ್ನಾಗಿ ಮಾಡುವುದು ಎಷ್ಟು ಸುಲಭ ನೋಡಿ!

ನನ್ನ ಕಷ್ಟವನ್ನೂ ಸ್ವಲ್ಪ ಕೇಳಿ. ನನ್ನದು ದುರ್ಗದಲ್ಲಿ ಕನ್ನಡಕದ ಅಂಗಡಿ. ಹತ್ತಿರದ ಅಕ್ಷರ ಕಾಣದವರು, ದೂರದ ಬಸ್ಸಿನ ಬೋರ್ಡು ಕಾಣದವರು ಎಲ್ಲರೂ ನನ್ನಲ್ಲಿಗೆ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ, ಗಂಭೀರ ಮುಖ, ಇಷ್ಟೇ ನನ್ನ ಬಂಡವಾಳ. ಇಂಥ ನಾನು ಮಾವನ ಹಿಂದೆ ಕಾರು ಹುಡುಕುತ್ತ ಊರೂರು ಅಲೆದೆ. ಹೋದ ಕಡೆಯೆಲ್ಲ ನನ್ನ ಗಿರಾಕಿಗಳು ಸಿಕ್ಕರು. ನಾನೇ ಕನ್ನಡಕ ಕೊಟ್ಟು ಕಣ್ಣು ಸರಿ ಮಾಡಿದ ಜನ ನನ್ನ ಮಾನ ಹೋಗುವುದನ್ನು ಬಹಳ ಸ್ಪಷ್ಟವಾಗಿ ನೋಡಿದರು!

ಮಾವ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವರು. ಕುರಿ ಸಾಕಿ ಸಂತೆಯಲ್ಲಿ ಮಾರುವುದು ಅವರ ಕಸುಬು. ಅರವತ್ತು ದಾಟಿದ್ದಾರೆ. ಓಡಾಟಕ್ಕೆ ಒಂದು ಹಳೆಯ ಲಗೇಜ್ ಗಾಡಿ ಇಟ್ಟುಕೊಂಡಿದ್ದಾರೆ. ಸಂತೆಗೂ ಅದೇ, ಆಸ್ಪತ್ರೆಗೂ ಅದೇ, ಮದುವೆಗೂ ಅದೇ. ಮದುವೆಗೆ ಹೋಗುವಾಗ ಮಾತ್ರ ಹಿಂದುಗಡೆಗೆ ಒಂದು ಬಕೆಟ್ ನೀರು ಸುರಿದು ತೊಳೆಯುತ್ತಾರೆ. ಲೋಕದಲ್ಲಿರುವ ಸಕಲ ವಸ್ತುಗಳನ್ನೂ ಕುರಿಯನ್ನು ನೋಡಿದ ಹಾಗೇ ನೋಡಬೇಕು ಎಂಬುದು ಅವರ ಸಿದ್ಧಾಂತ. ಮಗಳಿಗೆ ಗಂಡು ನೋಡಲು ಹೋದಾಗ ಹುಡುಗನನ್ನು ಅಂಗಳದಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆಸಿ, ಕುಂಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಒಪ್ಪಿದರಂತೆ. ಅಳಿಯ ಒಳ್ಳೆಯವನೇ ಸಿಕ್ಕಿದ, ಅದು ಬೇರೆ ಮಾತು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರು. ಮಾವ ಬಾಗಿಲಲ್ಲಿ ನಿಂತು, "ಲೇ, ಒಂದು ರೇಸ್ ಕಾರು ತಗಬೇಕು. ಸೆಕೆಂಡ್ ಹ್ಯಾಂಡ್ ಆದ್ರೂ ನಡೀತೈತೆ" ಅಂದರು. ಗಿರಾಕಿ ಓದುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಆಮೇಲೆ ಅವರಿಗೆ ಒಂದಕ್ಷರವೂ ನೆಟ್ಟಗೆ ಕಾಣಲಿಲ್ಲ.

ಷರತ್ತು ಎರಡು. ಕಾರಿಗೆ ಎರಡೇ ಸೀಟಿರಬೇಕು. ಮತ್ತೆ, ಅತ್ತೆಯ ಕುರಿ ಎಷ್ಟಕ್ಕೆ ಹೋದವೋ ಅಷ್ಟರಲ್ಲೇ ಬರಬೇಕು.

ಈ ಎರಡನೆಯ ಮಾತು ಕೇಳಿ ನಾನು ಕೈಯಲ್ಲಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟೆ. ಅತ್ತೆಯ ಕುರಿ ಎಂದರೆ ಬಳುವಳಿ ಕುರಿ. ನಮ್ಮ ಕಡೆ ಹೆಣ್ಣು ಗಂಡನ ಮನೆಗೆ ಹೊರಟಾಗ ತವರಿನವರು ಕೆಲವು ಕುರಿಮರಿಗಳನ್ನು ಅವಳ ಜೊತೆಗೆ ಕೊಟ್ಟು ಕಳಿಸುತ್ತಾರೆ. ಅವು ಈದು, ಅವುಗಳ ಮರಿ ಈದು ಎಷ್ಟಾದರೂ ಅವಳವೇ. ಗಂಡ ಮುಟ್ಟುವಂತಿಲ್ಲ. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿ ಕುರಿ ಹಿಂದೆ ಓಡಾಡಲು ಆಗದೆ ಆ ವರ್ಷ ಎಲ್ಲ ಮಾರಿದ್ದರು. ಒಂದು ಜೀವಮಾನದಲ್ಲಿ ಆ ಹೆಂಗಸಿಗೆ ಇದು ನನ್ನದು ಅಂತ ಇದ್ದದ್ದು ಅದೊಂದೇ. ಆ ದುಡ್ಡು ಹಾಕಿ ಈ ಮುದುಕನಿಗೆ ಆಟದ ಕಾರು ಬೇಕಂತೆ! ನನ್ನ ತಾಯಿ ಫೋನ್ ಮಾಡಿ, ನನ್ನ ತಮ್ಮನಿಗೆ ಬುದ್ಧಿ ಹೇಳು, ಊರಲ್ಲಿ ಹೆಂಡ್ತಿ ಕುರಿ ತಿಂದೋನು ಅಂತಿದಾರೆ ಎಂದು ಅತ್ತರು. ಬುದ್ಧಿ ಹೇಳಲು ಹೊರಟ ನಾನು ಹೇಗೋ ಏನೋ ಮೊಬೈಲಿನಲ್ಲಿ ಕಾರು ಹುಡುಕಿಕೊಡುವವನಾದೆ. ಮಾವನ ಮುಂದೆ ಯಾರ ಬುದ್ಧಿಯೂ ನಿಲ್ಲುವುದಿಲ್ಲ.

ಕಾರು ತೆಗೆದುಕೊಳ್ಳಲೇಬೇಕಾದರೆ ನಿಮ್ಮ ದುಡ್ಡೂ ಸ್ವಲ್ಪ ಹಾಕಿ ಎಂದೆ. ಮಾವ ತಲೆ ಅಲ್ಲಾಡಿಸಿದರು. ಅದಕ್ಕೆ ತಮ್ಮದು ಬೆರೆಸಿದರೆ ನಾಳೆ ಗಾಡಿ ತಮ್ಮದಾಗುತ್ತದಂತೆ, ಅದಾಗಕೂಡದಂತೆ. ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡೆ.

ಮೊದಲು ನೋಡಿದ್ದು ದುರ್ಗದಲ್ಲೇ, ಹೈವೇ ಪಕ್ಕದ ಒಂದು ಹಳೇ ಕಾರುಗಳ ಶೋರೂಮಿನಲ್ಲಿ. ಕೊರಳಪಟ್ಟಿಗೆ ಟೈ ಬಿಗಿದ ಹುಡುಗ ಬಂದು, ಸರ್, ಗಾಡಿ ಹೊಸದರ ಹಾಗಿದೆ ಎಂದ. ಮಾವ ಅವನ ಮಾತಿಗೆ ಕಿವಿಗೊಡದೆ ಕಾರಿನ ಬೆನ್ನಿನ ಮೇಲೆ ಅಂಗೈ ಇಟ್ಟು ಮಾಂಸ ಎಷ್ಟಿದೆ ಎಂಬಂತೆ ಒತ್ತಿ ನೋಡಿದರು. ಆಮೇಲೆ ಮಂಡಿಯೂರಿ ಕೂತು ಟೈರಿನ ಗೀರುಗಳಿಗೆ ಬೆರಳು ತೂರಿಸಿ, "ಹಲ್ಲು ಸವೆದೋಗೈತೆ. ಇದು ಮುದಿ ಕುರಿ" ಅಂದರು. ಹುಡುಗನ ಮುಖ ಸಣ್ಣಗಾಯಿತು. ಹಲ್ಲು ಸುಳ್ಳು ಹೇಳುವುದಿಲ್ಲವಲ್ಲ!

ಇಷ್ಟಕ್ಕೇ ಮುಗಿದಿದ್ದರೆ ಮನೆಗೆ ಹೋಗಿ ಊಟ ಮಾಡಬಹುದಿತ್ತು. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಬೆಲೆ ಗೊತ್ತಾಗಬಾರದು. ಮಾವ ಹೆಗಲ ಟವೆಲ್ ತೆಗೆದು ಟೈ ಹುಡುಗನ ಕೈ ಮೇಲೆ ಹೊದಿಸಿ ಅವನ ಎರಡು ಬೆರಳು ಹಿಡಿದುಕೊಂಡರು. ಆ ಮಗು ಇನ್ನೇನಾಯಿತೋ ಎಂದು ಗಾಬರಿಯಾಗಿ ಕೈ ಎಳೆದುಕೊಳ್ಳಲು ನೋಡಿತು. ಮಾವ ಬಿಡಲಿಲ್ಲ, ಇನ್ನೂ ಒಂದು ಬೆರಳು ಹಿಡಿದರು. ಒಳಗಿನಿಂದ ಮ್ಯಾನೇಜರ್ ಓಡಿಬಂದ. ಅವನ ಮೂಗಿನ ಮೇಲಿದ್ದದ್ದು ನನ್ನ ಅಂಗಡಿಯ ಕನ್ನಡಕ. ನಾನು ಅಲ್ಲೇ ಇದ್ದ ಇನ್ನೊಂದು ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ಎಂಜಿನ್ನನ್ನು ಬಹಳ ಹೊತ್ತು ಪರೀಕ್ಷಿಸಿದೆ.

ಹೊಸದುರ್ಗದಲ್ಲಿ ಆದದ್ದು ಇದಕ್ಕಿಂತ ಒಂದು ಕೈ ಮೇಲು. ಅಲ್ಲಿ ಒಬ್ಬರ ಹತ್ತಿರ ನೆಲಕ್ಕಂಟಿಕೊಂಡಂತಿದ್ದ ಹಳದಿ ಕಾರು ಇತ್ತು. ಓಡಿಸಿ ನೋಡೋಣ ಎಂದು ಮಾಲೀಕರನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೂ ಹೊರಟೆವು. ಬಸ್ ಸ್ಟ್ಯಾಂಡ್ ಹತ್ತಿರದ ರೋಡ್ ಹಂಪಿನ ಮೇಲೆ ಕಾರಿನ ಹೊಟ್ಟೆ ಕೂತೇಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡೂ ಕಡೆ ಬಸ್ಸುಗಳು ನಿಂತವು. ಬಾಳೆಹಣ್ಣು ಮಾರುವವರು, ಆಟೋದವರು ಬಂದು ನಗುತ್ತ ಕಾರನ್ನು ಎತ್ತಿ ಇಳಿಸಿದರು. ಎತ್ತಲು ಬಂದವರಲ್ಲಿ ಒಬ್ಬರು ನನ್ನನ್ನು ಗುರುತಿಸಿ, ಸಾರ್, ನೀವು ಕೊಟ್ಟ ಕನ್ನಡಕದಲ್ಲಿ ಈ ಹಂಪು ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ ಎಂದು ವಿಚಾರಿಸಿದರು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ, ಆದರೆ ಜಾಗವನ್ನೆಲ್ಲ ಕಾರೇ ಆಕ್ರಮಿಸಿತ್ತು.

ಇಷ್ಟಾದರೂ ಮಾವನಿಗೆ ಆ ಕಾರು ಹಿಡಿಸಿತ್ತು. ಕಾಲು ಗಿಡ್ಡ, ಆದರೆ ಜಾತಿ ಒಳ್ಳೇದು ಎಂದರು. ವಾಪಸ್ ಮನೆಗೆ ಬಂದಾಗ ಮಾಲೀಕರು ಖುಷಿಯಿಂದ ಮುಂದಿನ ಸೀಟು ಮಡಚಿ, ಹಿಂದೆ ಅಡಗಿದ್ದ ಇನ್ನೊಂದು ಪುಟ್ಟ ಸೀಟು ತೋರಿಸಿದರು. ಇಲ್ಲಿ ಮಕ್ಕಳು ಕೂರಬಹುದು, ಮನೆಯ ಹೆಂಗಸರೂ ಸ್ವಲ್ಪ ಒತ್ತಿಕೊಂಡು ಕೂರಬಹುದು ಎಂದರು. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಇದು ಬೇಡ, ನಡಿ ಹೋಗಾಣ ಎಂದು ಹೊರಟೇಬಿಟ್ಟರು. ಪುಕ್ಕಟೆ ಸಿಗುವ ಸೀಟನ್ನು ಬೇಡವೆನ್ನುವವರುಂಟೇ? ದಾರಿಯುದ್ದಕ್ಕೂ ಅವರೊಂದಿಗೆ ಜಗಳವಾಡಿದೆ. ನೀವು ಒಬ್ಬರೇ ಮೆರೆಯಬೇಕು ಅನ್ನುವುದಾದರೆ ಅತ್ತೆ ದುಡ್ಡು ಯಾಕೆ ಬೇಕಿತ್ತು ಎಂದುಬಿಟ್ಟೆ. ಮಾವ ಲಗೇಜ್ ಗಾಡಿಯ ಗೇರು ಬದಲಿಸಿ ಮುಂದಕ್ಕೆ ಓಡಿಸಿದರು.

ಕೊನೆಗೆ ಹೊಳಲ್ಕೆರೆಯಲ್ಲಿ ಒಂದು ಸಿಕ್ಕಿತು. ಕೆಂಪು ಬಣ್ಣ, ಹಿಂದಕ್ಕೆ ಮಡಚುವ ಬಟ್ಟೆಯ ಚಾವಣಿ, ಎರಡೇ ಸೀಟು. ನಮ್ಮ ದೇಶದಲ್ಲೇ ಯಾರೋ ಸ್ವಲ್ಪ ಕಾಲ ತಯಾರಿಸಿ ಆಮೇಲೆ ನಿಲ್ಲಿಸಿಬಿಟ್ಟ ಗಾಡಿ. ಮಾಲೀಕರು ವಯಸ್ಸಾದ ಹಲ್ಲಿನ ಡಾಕ್ಟರು.

ಅಲ್ಲಿಗೆ ಹೋಗುವ ದಿನ ಅತ್ತೆಯೂ ಬಂದಿದ್ದರು. ತನ್ನ ಕುರಿಗಳು ಕೊನೆಗೆ ಏನಾಗುತ್ತವೆ ನೋಡೋಣ ಎಂದಿರಬೇಕು, ಪಾಪ. ಲಗೇಜ್ ಗಾಡಿ ನನ್ನ ಅಂಗಡಿಯ ಮುಂದೆ ನಿಂತಿತು. ಮಾವನ ಪಕ್ಕದ ಸೀಟು ಖಾಲಿ ಇತ್ತು. ಅತ್ತೆ ಹಿಂದುಗಡೆ ಗೋಣಿಚೀಲ ಹಾಸಿಕೊಂಡು, ಕ್ಯಾಬಿನ್ನಿಗೆ ಬೆನ್ನು ಕೊಟ್ಟು, ನೋಯುವ ಮಂಡಿಯನ್ನು ಚಾಚಿ ಕೂತಿದ್ದರು. ನಾನು ಕರ್ಚೀಫಿನಿಂದ ಸೀಟು ಒರೆಸಿ ಕೂತೆ. ಅತ್ತೆಯ ದುಡ್ಡು ಹಾಳಾಗುತ್ತಿರುವ ಬಗ್ಗೆ ಮಾವನಿಗೆ ಹೊಳಲ್ಕೆರೆಯವರೆಗೂ ಉಪದೇಶ ಮಾಡಿದೆ.

ಡಾಕ್ಟರ ಅಂಗಳದಲ್ಲಿ ಮಾವ ಟೈರಿನ ಹಲ್ಲು ನೋಡಿದರು. ಡಾಕ್ಟರಿಗೆ ಬಹಳ ಸಂತೋಷವಾಯಿತು. ಜೀವಮಾನವೆಲ್ಲ ಹಲ್ಲು ನೋಡಿದವರು, ಹಲ್ಲಿನ ಬೆಲೆ ಬಲ್ಲ ಇನ್ನೊಬ್ಬನನ್ನು ಕೊನೆಗೂ ಕಂಡಿದ್ದರು. ಕುರಿ ಕೊಳ್ಳುವ ಮೊದಲು ಸಾಕಿದವರ ಮನೆ ನೋಡಬೇಕು ಎಂದು ಮಾವ ಒಳಗೆ ಹೋಗಿ ನೀರು ಕುಡಿದು ಬಂದರು. ಬಂದವರು ಒಂದೇ ಪ್ರಶ್ನೆ ಕೇಳಿದರು.

"ಇದ್ರಾಗೆ ನಿಮ್ಮ ಪಕ್ಕ ಯಾರು ಕುಂತ್ಕಂತಿದ್ರು, ಡಾಕ್ಟ್ರೇ?"

ನಮ್ಮ ಮನೆಯವರೇ, ಇನ್ಯಾರು ಎಂದು ಡಾಕ್ಟರು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದರು. ಆಕೆ ನಕ್ಕರು. ಮಾವ ಟವೆಲ್ ತೆಗೆದರು. ಡಾಕ್ಟರು ತಾವಾಗಿಯೇ ಕೈ ಕೊಟ್ಟರು. ಟವೆಲ್ಲಿನ ಒಳಗೆ ಏನು ನಡೆಯಿತೋ ನನಗೆ ಗೊತ್ತಿಲ್ಲ, ಕೈಗಳು ಹೊರಗೆ ಬಂದಾಗ ಇಬ್ಬರೂ ನಗುತ್ತಿದ್ದರು. ಅತ್ತೆ ಸೊಂಟದಿಂದ ಎಲೆಅಡಿಕೆ ಚೀಲದಂಥ ಒಂದು ದೊಡ್ಡ ಬಟ್ಟೆ ಗಂಟು ತೆಗೆದು ಕೊಟ್ಟರು. ಕುರಿ ದುಡ್ಡು ಅಷ್ಟೂ ಹೋಯಿತು. ಆಕೆಯ ಮುಖ ನೋಡಲು ನನಗೆ ಆಗಲಿಲ್ಲ.

ಡಾಕ್ಟರು ಚಾವಣಿಯನ್ನು ಹಿಂದಕ್ಕೆ ಸರಿಸುವುದನ್ನು ಹೇಳಿಕೊಟ್ಟರು. ಮಾವ ಸ್ಟೀರಿಂಗ್ ಹಿಡಿದು ಕೂತರು. ನಾನು ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಸೀಟು ಮೆತ್ತಗಿತ್ತು. ಇಷ್ಟು ದಿನ ನಾಚಿ ಸತ್ತವನು ಈಗ ಮೊಬೈಲ್ ತೆಗೆದು ನನ್ನದೇ ಒಂದು ಫೋಟೋ ತೆಗೆದುಕೊಳ್ಳುತ್ತಿದ್ದೆ. ಲಗೇಜ್ ಗಾಡಿಯನ್ನು ವಾಪಸ್ ಯಾರು ಓಡಿಸುತ್ತಾರೆ ಎಂಬ ಯೋಚನೆಯೇ ಬರಲಿಲ್ಲ. ಅತ್ತೆ ಅದರ ಹಿಂದಿನ ಹಲಗೆ ಹಿಡಿದು, ಒಂದು ಕೈಯಲ್ಲಿ ಮಂಡಿ ಒತ್ತಿಕೊಂಡು ಮೇಲೆ ಹತ್ತಿ, ಗೋಣಿಚೀಲ ಸರಿಮಾಡಿಕೊಂಡು ಆಗಲೇ ಕೂತಾಗಿತ್ತು.

"ಇಳಿ" ಅಂದರು ಮಾವ.

ಟೈರೋ ಏನೋ ನೋಡಬೇಕೇನೋ ಎಂದು ಇಳಿದೆ. ಅವರು ನನ್ನ ಕೈಯಲ್ಲಿ ಲಗೇಜ್ ಗಾಡಿಯ ಕೀಲಿಕೈ ಇಟ್ಟರು.

"ನಿಮ್ಮತ್ತೆ ಮದುವೆಯಾಗಿ ಬಂದಾಗಿನಿಂದ ಹಿಂದೇನೇ ಕುಂತಾಳೆ. ಅವಳು ಕಂಡಿದ್ದೆಲ್ಲ ಹಿಂದಕ್ಕೆ ಹೋಗೋ ದಾರಿನೇ. ಮುಂದೆ ಬರೋ ದಾರಿ ಹೆಂಗಿರ್ತೈತೆ ಅಂತ ನೋಡೇ ಇಲ್ಲ."

ಲಗೇಜ್ ಗಾಡಿಯಲ್ಲೇ ಮುಂದೆ ಕೂರಿಸಬಹುದಿತ್ತಲ್ಲ ಮಾವ ಎಂದೆ.

"ಯಾವಾಗ ಕುಂದ್ರಿಸ್ಲಿ? ಆ ಸೀಟಿಗೆ ದಿನಾ ಒಬ್ಬ ದೊಡ್ಡೋನು ಬರ್ತಾನೆ. ನಮ್ಮಪ್ಪ ಇದ್ದ, ನಮ್ಮಣ್ಣ ಬಂದ, ಸಾವ್ಕಾರ್ರು ಬಂದ್ರು. ಇವತ್ತು ನೀನು ಬಂದೆ." ಅವರಿಗೆ ಸಿಟ್ಟೇನೂ ಇರಲಿಲ್ಲ. "ಹಿಂದೆ ಸೀಟಿರೋ ಕಾರು ತಗಂಡ್ರೆ, ಇವಳು ತಾನಾಗೇ ಹಿಂದಕ್ಕೆ ಹೋಗಿ ಕುಂತ್ಕಂತಾಳೆ. ಹಿಂದೆ ಏನೂ ಇಲ್ದಿದ್ರೆ ಎಲ್ಲಿಗೆ ಹೋಗ್ತಾಳೆ ಹೇಳು?"

ಅತ್ತೆ ಮೇಲಿನಿಂದಲೇ, "ಅವ್ನೇ ಕುಂತ್ಕಳ್ಲಿ ಬಿಡ್ರಿ. ಇಸ್ತ್ರಿ ಅಂಗಿ ಹಾಕ್ಕಂಡೈದಾನೆ, ಈ ಗಾಡಿ ಹೆಂಗೆ ಓಡಿಸ್ತಾನೆ" ಅಂದರು.

ಮಾವನಿಂದಾಗಿ ನಾನು ದುರ್ಗದಲ್ಲಿ, ಹೊಸದುರ್ಗದಲ್ಲಿ ಪಟ್ಟ ನಾಚಿಕೆಯನ್ನೆಲ್ಲ ಕೂಡಿಸಿದರೂ ಈ ಒಂದು ಮಾತಿಗೆ ಸಮನಾಗಲಾರದು. ತಲೆ ತಗ್ಗಿಸಿಕೊಂಡು ಹೋಗಿ ಅತ್ತೆಗೆ ಕೈ ಕೊಟ್ಟು ಇಳಿಸಿದೆ. ಕಾರಿನ ತನಕ ನಡೆಸಿಕೊಂಡು ಬಂದೆ. ಅವರು ಸೆರಗು ಹೊದ್ದು, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ನೋಡಿ, ಸೀಟಿನ ಅಂಚಿನಲ್ಲಿ ಕೂತರು. ಡಾಕ್ಟರ ಹೆಂಡತಿ ಬಂದು, ಒರಗಿಕೊಂಡು ಕೂತ್ಕೊಳ್ಳಿ ಎಂದು ಹೇಳಿಕೊಟ್ಟರು.

ದುರ್ಗದ ರಸ್ತೆಯಲ್ಲಿ ಕೆಂಪು ಕಾರು ಮುಂದೆ, ಖಾಲಿ ಲಗೇಜ್ ಗಾಡಿಯಲ್ಲಿ ನಾನು ಹಿಂದೆ. ರೇಸ್ ಕಾರನ್ನು ಮಾವ ಕುರಿ ಹಿಂಡು ನಡೆಯುವ ವೇಗದಲ್ಲಿ ಓಡಿಸುತ್ತಿದ್ದರು. ಮೊದಮೊದಲು ಅತ್ತೆ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಕೈ ಬಿಟ್ಟರು. ಸ್ವಲ್ಪ ಹೊತ್ತಿಗೆ ಆ ಕೈ ಮೇಲೆದ್ದು ಮುಂದೆ ಬರುತ್ತಿದ್ದ ಒಂದು ಹುಣಸೆಮರವನ್ನು ತೋರಿಸಿತು, ಆಮೇಲೆ ಗುಡ್ಡದ ಮೇಲೆ ಗಿರಗಿರ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ತೋರಿಸಿತು. ತೋರಿಸಿದ್ದಕ್ಕೆಲ್ಲ ಮಾವ ತಲೆ ಆಡಿಸುತ್ತಿದ್ದರು. ನನ್ನ ಹಿಂದೆ ಬಸ್ಸು ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು, ಒಬ್ಬ ಕ್ಲೀನರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ವಂಶವನ್ನೆಲ್ಲ ಬೈದ. ನಾನು ರಸ್ತೆಯ ನಡುವೆ ಗಾಡಿ ಇಟ್ಟುಕೊಂಡು, ದುರ್ಗ ಬರುವ ತನಕ ಯಾರಿಗೂ ದಾರಿ ಬಿಡಲಿಲ್ಲ.