ಮಗಳು ಕೇಳಿದ ಮೊದಲ ಸಲಹೆ

ಕೊಡಗಿನಲ್ಲಿ ಮಿಲಿಟರಿಗೆ ಸೇರದ ಗಂಡಸಾಗಿ ಬದುಕುವುದು ಎಷ್ಟು ಕಷ್ಟವೆಂದು ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮದುವೆಯಲ್ಲಿ ಊಟಕ್ಕೆ ಕೂತರೆ ಎಡಕ್ಕೊಬ್ಬ ಸುಬೇದಾರ್, ಬಲಕ್ಕೊಬ್ಬ ಹವಾಲ್ದಾರ್. ನಿವೃತ್ತರಾಗಿ ಎಷ್ಟು ಕಾಲವಾದರೂ ಅದೇ ಅವರ ಹೆಸರು. ನಾನೋ, ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ತೋಟಕ್ಕೆ ಗೊಬ್ಬರ, ಆಳುಗಳಿರುವ ಲೈನ್‌ಮನೆಗಳಿಗೆ ಅಕ್ಕಿ, ಇಷ್ಟೇ ನನ್ನ ಪರಾಕ್ರಮ. ಅಂಥವನ ಮಗಳು ದೀಕ್ಷಾ ಸೈನ್ಯಾಧಿಕಾರಿಯಾಗಲು ಅಕಾಡೆಮಿ ಸೇರಿದಳು. ತರಬೇತಿ ಮುಗಿಯುತ್ತ ಬಂದಾಗ ಫೋನ್ ಮಾಡಿ, “ಅಪ್ಪ, ಯಾವ ವಿಭಾಗ ಬೇಕು ಅಂತ ನಾವು ಹೇಳ್ಬೇಕು. ನೀವು ಎಂತ ಹೇಳ್ತೀರಿ? ಭಾನುವಾರ ಮತ್ತೆ ಮಾಡ್ತೇನೆ” ಎಂದಳು.

ಚಪ್ಪಲಿ ಕೊಳ್ಳುವಾಗಲೂ ಅಮ್ಮನನ್ನೇ ಕೇಳುತ್ತಿದ್ದ ಹುಡುಗಿ ನನ್ನ ಸಲಹೆ ಕೇಳಿದ್ದು ಅದೇ ಮೊದಲು. ಎದೆ ತುಂಬಿ ಬಂತು. “ಯೋಚಿಸಿ ಹೇಳ್ತೇನೆ” ಎಂದು ಬಲು ಗಂಭೀರವಾಗಿ ಹೇಳಿ ಫೋನ್ ಇಟ್ಟೆ. ಆಮೇಲೆ ಬೆವರಿದೆ. ಹೆಗಲಿಗೆ ನಕ್ಷತ್ರ ಬಿದ್ದ ಕೂಡಲೇ ಎಲ್ಲರೂ ಕೋವಿ ಹಿಡಿದು ಗಡಿಗೆ ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ. ಈ ಸಲವಾದರೂ ಅವಳ ಮುಂದೆ ಪೆದ್ದನಾಗಬಾರದು ಎಂದು ಅಮ್ಮತ್ತಿ ಪೇಟೆಗೆ ಓಡಿದೆ.

ಅಲ್ಲಿ ನಮ್ಮ ಸುಬೇದಾರ್ ಮಾವ ಹೋಟೆಲಿನಲ್ಲಿ ಸಿಕ್ಕಿದರು. “ಇದರಲ್ಲಿ ಯೋಚನೆ ಎಂತದು ಮಾರಾಯ? ಫಿರಂಗಿ ದಳ! ಉಳಿದದ್ದೆಲ್ಲ ಆಫೀಸು” ಎಂದು ಮೇಜು ಗುದ್ದಿದರು. ನನ್ನ ಕಾಫಿ ಚೆಲ್ಲಿತು. ಅವರು ಮೂವತ್ತು ವರ್ಷ ಫಿರಂಗಿಯ ಪಕ್ಕವೇ ನಿಂತವರು. ಅಲ್ಲಿಂದ ಮೂರ್ನಾಡಿಗೆ, ಹೆಂಡತಿಯ ಅಣ್ಣನ ಮನೆಗೆ ಹೋದೆ. ಅವರು ಸೈನ್ಯದಲ್ಲಿ ಸಂದೇಶ ಕಳಿಸುವ ಸಿಗ್ನಲ್ಸ್‌ನಲ್ಲಿದ್ದವರು. “ಫಿರಂಗಿಯಾ? ಮಾವನಿಗೆ ಈಗ ಕಿವಿ ಕೇಳ್ತದಾ, ನೀವೇ ಹೇಳಿ ಭಾವ. ಸಿಗ್ನಲ್ಸೇ ಒಳ್ಳೇದು” ಎಂದವರು, ಇಂಜಿನಿಯರ್‌ಗಳದ್ದೂ ಪರವಾಗಿಲ್ಲ, ಸೇತುವೆ ಕಟ್ಟುತ್ತಾರೆ, ಬೇಕಾದಾಗ ಮದ್ದಿಟ್ಟು ಸೇತುವೆ ಹಾರಿಸುವುದೂ ಅವರೇ ಎಂದರು. ಕಟ್ಟಿದವರೇ ಯಾಕಪ್ಪಾ ಹಾರಿಸಬೇಕು? ಇನ್ನೊಂದು ವಿಭಾಗವಂತೆ, ಮದ್ದುಗುಂಡು ಕೊಡುವುದೂ ಅದೇ, ಕಾಲುಚೀಲ ಕೊಡುವುದೂ ಅದೇ. ಬಸ್ಸಿನಲ್ಲಿ ಬರುವಾಗ ನನ್ನ ತಲೆಯೊಳಗೆ ಫಿರಂಗಿ, ತಂತಿ, ಸೇತುವೆ, ಕಾಲುಚೀಲ ಎಲ್ಲ ಕಲಸಿ ಮೊಸರನ್ನವಾಗಿತ್ತು.

ಭಾನುವಾರ ಫೋನ್ ಬಂತು. ಗಂಟಲು ಸರಿಮಾಡಿಕೊಂಡು, “ನೋಡು ಮಗಳೇ, ಫಿರಂಗಿಯೂ ಒಳ್ಳೆಯದೇ, ಆದರೆ ಕಿವಿ...” ಎಂದು ಶುರುಮಾಡಿದೆ.

“ಅಪ್ಪ, ನಾನು ಸಪ್ಲೈ ವಿಭಾಗ ಅಂತ ಹೇಳಿಯಾಯ್ತು. ನಿನ್ನೆಯೇ ಕೇಳಿಬಿಟ್ರು” ಎಂದಳು. “ರೇಷನ್, ಪೆಟ್ರೋಲ್, ಲಾರಿ, ಎಲ್ಲವನ್ನೂ ಬೆಟ್ಟದ ಮೇಲಿನ ಸೈನಿಕರಿಗೂ ಮುಟ್ಟಿಸೋದು.”

ನನ್ನ ಪರದಾಟವೆಲ್ಲ ನೀರುಪಾಲಾಯಿತೆಂದು ಬೇಜಾರಾಯಿತು. ಆದರೂ, ಅಯ್ಯೋ, ಇದು ನನ್ನದೇ ಕೆಲಸವಲ್ಲವೇ! ಕಣ್ಣು ಒದ್ದೆಯಾಯಿತು. “ನನ್ನನ್ನು ನೋಡಿಯೇ ಆರಿಸಿಕೊಂಡೆಯಾ?” ಎಂದೆ.

“ಮತ್ತೆ? ಸಣ್ಣವಳಿದ್ದಾಗಿಂದ ನೋಡ್ತಾ ಇದ್ದೇನೆ. ಗೊಬ್ಬರ ಮೇಲಿನ ತೋಟಕ್ಕೆ ಬೇಕಾದರೆ ಲಾರಿ ಕೆಳಗಿನ ತೋಟದಲ್ಲಿ. ಅಕ್ಕಿ ಬಂದ ದಿನ ಸ್ಟೋರಿನ ಬೀಗದಕೈ ನಿಮ್ಮ ಇನ್ನೊಂದು ಪ್ಯಾಂಟಿನಲ್ಲಿ. ಇದನ್ನೇ ಸರಿಯಾಗಿ ಮಾಡಿದ್ರೆ ಹೇಗಿರ್ತದೆ ಅಂತ ಒಮ್ಮೆ ನೋಡ್ಬೇಕು ಅಪ್ಪ.”

ಅವಳು ಕೇಳಿದ ವಿಭಾಗವೇ ಸಿಕ್ಕಿತು. ಈಗ ಮದುವೆಮನೆಗಳಲ್ಲಿ ಸುಬೇದಾರ್ ಮಾವ, “ಫಿರಂಗಿ ಬಿಟ್ಟು ಅದನ್ನು ಯಾಕೆ ತಗೊಂಡ್ಳು ಮಾರಾಯ?” ಎಂದು ಎಲ್ಲರೆದುರು ಕೇಳುತ್ತಾರೆ. ನಾನು ಎದೆ ಸೆಟೆಸಿ, “ಅಪ್ಪನ ಕೆಲಸ ನೋಡಿ ಮಾವ” ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.