ಹೃದಯದ ಡಾಕ್ಟರರ ಹಂಡೆ

ಇಪ್ಪತ್ತೆರಡು ವರ್ಷ ಇಂಗ್ಲಿಷರ ಹೃದಯಗಳನ್ನು ರಿಪೇರಿ ಮಾಡಿದ ಕೈಗೆ ಒಂದು ಬಾಯ್ಲರ್ ಯಾವ ಲೆಕ್ಕ! ಹೀಗೆಂದು ಲಂಡನ್ನಿನ ಅಂಚಿನ ಸಟನ್ನಿನ ಡಾ. ಶರಣಪ್ಪನವರು ೧೯೯೮ರ ನವೆಂಬರಿನಲ್ಲಿ ತಮ್ಮ ಖಾಲಿ ಅಡುಗೆಮನೆಯಲ್ಲಿ ನಿಂತು ಘೋಷಿಸಿದರು. ಕೇಳಿಸಿಕೊಳ್ಳಲು ಫ್ರಿಜ್ ಒಂದೇ ಇತ್ತು. ಅದು ಗುರ್ ಎಂದಿತು. ಅದನ್ನೇ ಒಪ್ಪಿಗೆ ಎಂದುಕೊಂಡರು.

ಕಾರಣ ಗಂಭೀರವಾಗಿತ್ತು. ಹೆಂಡತಿ ವಿಜಯಾ ಮಕ್ಕಳ ಡಾಕ್ಟರ್. ಒಂದು ವರ್ಷದ ಮಟ್ಟಿಗೆಂದು ದೂರದ ನ್ಯೂಕ್ಯಾಸಲ್ಲಿನ ಆಸ್ಪತ್ರೆಗೆ ಹೋದವರನ್ನು ಅಲ್ಲಿಯವರು ಈಗ ಕಾಯಂ ಆಗಿ ಇದ್ದುಬಿಡಿ ಎನ್ನುತ್ತಿದ್ದರು. ತಿಂಗಳ ಕೊನೆಗೆ ಉತ್ತರ ಕೊಡಬೇಕು. ಹದಿನೈದು ದಿನಕ್ಕೊಂದು ಶನಿವಾರ ರೈಲಿನಲ್ಲಿ ಬರುವ ವಿಜಯಾ ಕಳೆದ ಸಲ ಕೋಟನ್ನೂ ಬಿಚ್ಚದೆ ಸೋಫಾದಲ್ಲಿ ಕೂತು, "ಈ ಮನಿ ಭಾಳ ಥಂಡ ಅದರೀ. ಅಲ್ಲಿ ನನ್ನ ಫ್ಲ್ಯಾಟೇ ಚಲೋ" ಎಂದಿದ್ದರು.

ಡಾಕ್ಟರು ಅಂದೇ ರೋಗ ಪತ್ತೆಹಚ್ಚಿಬಿಟ್ಟರು. ಹೆಂಡತಿ ದೂರವಾಗಲು ಕಾರಣ ಮನೆ ಕಾಯಿಸುವ ಹಳೆಯ ಗ್ಯಾಸ್ ಬಾಯ್ಲರ್! ಅದಕ್ಕೆ ಜೊತೆಯಾಗಿ ಕಟ್ಟಿಗೆಯದೊಂದು ಬಾಯ್ಲರ್ ಕಟ್ಟಿದರೆ ಮನೆ ಬೆಚ್ಚಗಾಗುತ್ತದೆ, ಹೆಂಡತಿ ಉಳಿಯುತ್ತಾಳೆ.

ತಮಗೆ ಒಂಟಿತನ ಕಾಡುತ್ತಿದೆ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಸಿಂಕಿನ ಮುಂದೆ ನಿಂತೇ ಮೊಸರನ್ನ ಉಂಡು ಮುಗಿಸುವುದು, ರೇಡಿಯೋದಲ್ಲಿ ಹವಾಮಾನ ಓದುವವಳಿಗೆ "ಹೌದೇನವಾ" ಎಂದು ಉತ್ತರಿಸುವುದು ರೂಢಿಯಾಗಿತ್ತು. ದಿನಾ ಸಂಜೆ ಹೆಂಡತಿಗೆ ಫೋನು. ಊಟ ಆತೇನು? ಆತು. ಥಂಡಿ ಅದನ? ಅದ. ಆಮೇಲೆ ಇಬ್ಬರೂ ಒಬ್ಬರ ಮನೆಯ ಟಿವಿಯನ್ನು ಇನ್ನೊಬ್ಬರು ಸ್ವಲ್ಪ ಹೊತ್ತು ಕೇಳಿ ಫೋನಿಡುತ್ತಿದ್ದರು.

ವಿಜಯಪುರದಿಂದ ಹಡಗಿನಲ್ಲಿ ಬಂದ ಅವ್ವನ ತಾಮ್ರದ ಹಂಡೆ ಬಾಗಿಲ ಬಳಿ ಕೊಡೆಗಳನ್ನು ಹೊತ್ತು ನಿಂತಿತ್ತು. ಅದನ್ನು ಹಿತ್ತಲ ಶೆಡ್ಡಿಗೆ ಹೊತ್ತೊಯ್ದು, ಇಟ್ಟಿಗೆಯಿಂದ ಒಲೆ ಕಟ್ಟಿ, ಮೇಲೆ ಪ್ರತಿಷ್ಠಾಪಿಸಿದರು. ಹಂಡೆಯ ನೀರೊಳಗೆ ತಾಮ್ರದ ಪೈಪನ್ನು ಸುರುಳಿ ಸುತ್ತಿ ಇಳಿಬಿಟ್ಟರು. ಬೆಂಕಿಯಿಂದ ಹಂಡೆಯ ನೀರು ಕಾಯಬೇಕು, ಅದರಿಂದ ಸುರುಳಿಯೊಳಗಿನ ನೀರು ಕಾದು ಕೋಣೆಗಳನ್ನು ಬೆಚ್ಚಗಿಡಲು ಗೋಡೆಗೆ ಕೂರಿಸಿದ ಹನ್ನೊಂದು ರೇಡಿಯೇಟರುಗಳಿಗೆ ಹರಿಯಬೇಕು. ಪೈಪು ಮಾರುವವನು, ಇಂಥ ಕೆಲಸ ಹಿಂದೆ ಮಾಡಿದ್ದೀರಾ ಎಂದು ಅನುಮಾನದಿಂದ ಕೇಳಿದ. ವಾರಕ್ಕೆ ನಾಲ್ಕು ಮಾಡುತ್ತೇನೆ, ಜನ ಎದ್ದು ನಡೆದು ಮನೆಗೆ ಹೋಗುತ್ತಾರೆ ಎಂದರು ಡಾಕ್ಟರು!

ಶನಿವಾರ ಬಂತು. ವಿಜಯಾ ಮೂರು ಗಂಟೆಗೆ ಮನೆ ಸೇರುವವರಿದ್ದರು. ಡಾಕ್ಟರು ಬೆಳಿಗ್ಗೆಯೇ ಒಲೆ ಹೊತ್ತಿಸಿದರು. ಒಂದು ಗಂಟೆಯ ಹೊತ್ತಿಗೆ ಎಲ್ಲ ರೇಡಿಯೇಟರುಗಳೂ ಬಿಸಿ! ಒಂದೊಂದನ್ನೂ ಮುಟ್ಟಿ ನೋಡುತ್ತ ಮಹಡಿಗೆ ಹೊರಟವರು ಮೆಟ್ಟಿಲ ಮೇಲೆಯೇ ಕೂತರು. ಕಣ್ಣಲ್ಲಿ ನೀರು ಬಂತು. ಅಲ್ಲಿ ಹೊಗೆಯೇನೂ ಇರಲಿಲ್ಲ.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಹಂಡೆಯ ಮುಚ್ಚಳ ತೆಗೆದು ನೋಡಿದರು. ಘಮ್ಮೆಂದು ಹಬೆ ಎದ್ದಿತು. ಎದುರಿಗೆ ಕಟ್ಟಿಗೆಯಲ್ಲಿ ಕಾದ ಹಂಡೆಯ ನೀರು, ವಾರ ಶನಿವಾರ, ಮನುಷ್ಯ ವಿಜಯಪುರದವನು. ಇಪ್ಪತ್ತೆರಡು ವರ್ಷ ಶವರಿನ ಕೆಳಗೆ ನಿಂತ ಜೀವ ಇನ್ನೆಷ್ಟು ತಡೆದೀತು! ಐದೇ ನಿಮಿಷದಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿಕೊಂಡು, ಪಂಚೆ ಸುತ್ತಿ, ಬಟ್ಟಲಲ್ಲಿ ಕಡಲೆಹಿಟ್ಟು ಕಲಸಿಕೊಂಡು, ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ವಿರಾಜಮಾನರಾದರು.

ಒಂದು ತಂಬಿಗೆ ಹಂಡೆಯದು, ಒಂದು ತಂಬಿಗೆ ತಣ್ಣೀರು. ಆಹಾ! ಬೆನ್ನಿನ ನಡುವಿಗೆ ಮಾತ್ರ ಕೈ ನಿಲುಕಲಿಲ್ಲ. ಊರಲ್ಲಿ ಅವ್ವ ತಿಕ್ಕುತ್ತಿದ್ದಳು. ತಿಕ್ಕುವವರಿಲ್ಲದ ಜಾಗಕ್ಕೆ ನಾಲ್ಕು ತಂಬಿಗೆ ಹೆಚ್ಚೇ ಸುರಿದುಕೊಂಡರು. ಊರಲ್ಲಿ ತೆಗೆದಷ್ಟು ನೀರನ್ನು ಹಂಡೆಗೆ ಮತ್ತೆ ತುಂಬುತ್ತಿದ್ದವಳೂ ಅವ್ವನೇ. ಮನೆಯ ಗಂಡಸರು ಹಂಡೆ ತುಂಬಿದ್ದನ್ನು ಆ ವಂಶದಲ್ಲಿ ಯಾರೂ ಕಂಡಿರಲಿಲ್ಲ.

ಹಂಡೆ ಖಾಲಿಯಾಯಿತು. ಕೆಳಗೆ ಬೆಂಕಿ ಧಗಧಗ. ಸುತ್ತ ನೀರಿಲ್ಲದ ಸುರುಳಿಯ ಬೆಸುಗೆ ಕರಗಿ, ಟಪ್ ಎಂದು ಪೈಪು ಕಳಚಿ, ಹನ್ನೊಂದು ರೇಡಿಯೇಟರುಗಳ ಕರಿನೀರು ಹಂಡೆ ತುಂಬಿ ಉಕ್ಕಿ ಒಲೆಗೆ ಬಿತ್ತು. ಬುಸ್ ಎಂದು ಎದ್ದ ಹಬೆ, ಹೊಗೆ, ಬೂದಿಯ ನಡುವಿಂದ ಡಾಕ್ಟರು ಹಿಂದುಹಿಂದಕ್ಕೆ ನಡೆಯುತ್ತ ಪ್ರಕಟರಾದರು. ಒಂಬತ್ತು ವರ್ಷದಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಾಡದ ಪಕ್ಕದ ಮನೆಯಾಕೆ ಫೈರ್ ಬ್ರಿಗೇಡಿಗೆ ಫೋನ್ ಮಾಡಿದರು.

ಆರು ಜನ ಬಂದರು. ಅವರ ಮುಖಂಡ ಪಂಚೆ, ಎಣ್ಣೆ, ಕಡಲೆಹಿಟ್ಟನ್ನು ನೋಡಿ, ಇದೇನಾದರೂ ಧಾರ್ಮಿಕ ವಿಧಿಯೇ ಎಂದು ಬಹಳ ವಿನಯದಿಂದ ಕೇಳಿದ. ಪಂಚೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಘನತೆಯಿಂದ ಡಾಕ್ಟರು, ಇಲ್ಲ, ಸೆಂಟ್ರಲ್ ಹೀಟಿಂಗ್ ಎಂದರು. ಈ ಭಾಗದಲ್ಲಿ ಹೀಗೆ ಹೊಗೆ ಎಬ್ಬಿಸುವ ಹಾಗಿಲ್ಲ ಎಂದು ಅವನು ತಿಳಿಹೇಳಿದ. ಡಾಕ್ಟರು ತಲೆಯಾಡಿಸಿ ಎಲ್ಲರಿಗೂ ಚಹಾ ಮಾಡಿದರು. ಆ ಮನೆಯಲ್ಲಿ ಅಷ್ಟು ಜನ ಸೇರಿ ಬಹಳ ಕಾಲವಾಗಿತ್ತು. ಇನ್ನೊಂದು ಕಪ್ ತಗೊಳ್ಳಿ ಎಂದು ಎರಡು ಸಲ ಕೇಳಿದರು. ಅವರು ಮಾತ್ರ ಹೊರಟುಬಿಟ್ಟರು.

ಅವರ ಗಾಡಿ ತಿರುವು ದಾಟುವುದನ್ನು ನೋಡುತ್ತಲೇ ವಿಜಯಾ ಓಡುತ್ತ ಒಳಗೆ ಬಂದರು. ರೇಡಿಯೇಟರುಗಳ ನೀರೆಲ್ಲ ಹೋಗಿ ಮನೆ ಮಂಜಿನಷ್ಟು ತಣ್ಣಗಾಗಿತ್ತು. ಮೈಮೇಲೆ ಎಣ್ಣೆ, ಎಣ್ಣೆಯ ಮೇಲೆ ಮಸಿ, ನಡುವೆ ಹಲ್ಲು ಕಟಕಟ ಎನ್ನುವ ಗಂಡ. ಡಾಕ್ಟರು ಎಲ್ಲವನ್ನೂ ಒಪ್ಪಿಸಿದರು.

"ಮನಿ ಬೆಚ್ಚಗಾದ್ರ ನೀ ಇಲ್ಲೇ ಉಳೀತಿ ಅಂತ ಮಾಡಿದೆ."

ವಿಜಯಾ ನಗಲಿಲ್ಲ. ಗ್ಯಾಸಿನ ಮೇಲೆ ಎರಡು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದರು. ಗಂಡನನ್ನು ಬಾತ್‌ಟಬ್ಬಿನಲ್ಲಿ ಕೂರಿಸಿ, ಕೋಟಿನ ತೋಳು ಮೇಲೇರಿಸಿ ಬೆನ್ನು ತಿಕ್ಕತೊಡಗಿದರು. ತಿಕ್ಕುತ್ತಲೇ ಹೇಳಿದರು:

"ಒಂದು ವರ್ಷದಾಗ ಒಂದು ದಿನಾನಾದ್ರೂ ಬಾ ಅಂದೀರೇನು? ಊಟ ಆತೇನು ಅಂತೀರಿ, ಫೋನ್ ಇಡ್ತೀರಿ. ನಿಮಗ ನಾ ಬೇಕಾಗಿಲ್ಲ ಅಂದ್ಕೊಂಡಿದ್ದೆ."

ಸಾವಿರಾರು ಎದೆಗಳಿಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದ ತಜ್ಞರು ತಲೆ ತಗ್ಗಿಸಿದರು. ಕಡಲೆಹಿಟ್ಟು ಬಾಯಿಗೆ ಹೋದರೂ ಹೇಳಿಯೇಬಿಟ್ಟರು.

"ಬಾ, ವಿಜಯಾ. ಬಂದುಬಿಡು."

ನೆತ್ತಿಯ ಮೇಲೆ ಒಂದು ತಂಬಿಗೆ ಬಿಸಿನೀರು ಬಿತ್ತು.

"ಸೋಮವಾರ ಅವರಿಗೆ ಒಲ್ಲೆ ಅಂತ ಹೇಳ್ತೀನಿ" ಎಂದರು ವಿಜಯಾ. "ಆದ್ರೂ ಇಷ್ಟು ಸಣ್ಣ ಮಾತು ನಿಮ್ಮ ಬಾಯಿಂದ ಹೊರಗ ಬರಾಕ ಫೈರ್ ಬ್ರಿಗೇಡನ್ನ ಕರಸಬೇಕಾತೇನ್ರಿ?"